‘ಕ್ಲೌಡ್‌ಗೆ ಹಾಕಿದರೆ ಖರ್ಚೂ ಇಲ್ಲ, ಕಳೆಯುವುದೂ ಇಲ್ಲ’ – ಈ ಮಾತು ಎಷ್ಟು ನಿಜ?

ಫೋನಿನಲ್ಲಿ ‘ಸ್ಟೋರೇಜ್ ಫುಲ್’ ಎಂಬ ಸೂಚನೆ ಬಂದಾಗಲೆಲ್ಲ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: “ಎಲ್ಲವನ್ನೂ ಕ್ಲೌಡ್‌ಗೆ ಹಾಕಿಬಿಡಿ, ತಲೆನೋವೇ ಇಲ್ಲ.” ಇದರ ಜೊತೆಗೇ ಇನ್ನೂ ಕೆಲವು ಮಾತುಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿರುತ್ತವೆ.

- ಕ್ಲೌಡ್‌ನಲ್ಲಿರುವ ಫೈಲ್ ಎಂದಿಗೂ ಕಳೆಯುವುದಿಲ್ಲ.
- ಈಗ ಸ್ಟೋರೇಜ್ ಅಗ್ಗ, ಆದ್ದರಿಂದ ಏನನ್ನೂ ಅಳಿಸಬೇಕಾಗಿಲ್ಲ.
- ದಾಖಲೆ ಕಂಪ್ಯೂಟರಿಗೆ ಏರಿದ ಮೇಲೆ ಹಳೆಯ ಕಾಗದ ರದ್ದಿಗೆ ಸಮ.
- ಸಿಸಿಟಿವಿ ದೃಶ್ಯ ಸಿಗಲಿಲ್ಲ ಎಂದರೆ ಬೇಕೆಂದೇ ಅಳಿಸಿ ಹಾಕಿದ್ದಾರೆ.

ಈ ನಾಲ್ಕರಲ್ಲೂ ಸ್ವಲ್ಪ ಸತ್ಯವಿದೆ, ಹೆಚ್ಚು ತಪ್ಪಿದೆ. ಬ್ಯಾಂಕು, ಆಸ್ಪತ್ರೆ, ಹಾಲಿನ ಒಕ್ಕೂಟ, ತಾಲ್ಲೂಕು ಕಚೇರಿಯಂಥ ಸಂಸ್ಥೆಗಳು ತಮ್ಮ ಡೇಟಾವನ್ನು ಹೇಗೆ ಇಡುತ್ತವೆ, ಎಷ್ಟು ದಿನ ಇಡುತ್ತವೆ, ಯಾವಾಗ ಅಳಿಸುತ್ತವೆ ಎಂಬುದನ್ನು ತಿಳಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಕೊಣನೂರಿನಂಥ ಒಂದು ಹೋಬಳಿಯನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ. ಕಾವೇರಿ ದಂಡೆಯ ಈ ಊರಿನ ರೈತರ ಬದುಕಿನಲ್ಲಿ ಪಹಣಿಯಿಂದ ಹಿಡಿದು ಹಾಲಿನ ಲೆಕ್ಕದವರೆಗೆ ಎಲ್ಲವೂ ಈಗ ಎಲ್ಲೋ ಒಂದು ಸರ್ವರ್‌ನಲ್ಲಿದೆ.

ಮೊದಲು: ಕ್ಲೌಡ್ ಎಂದರೆ ಮೋಡವಲ್ಲ

ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರು. ಅಲ್ಲಿ ಡಿಸ್ಕುಗಳಿವೆ, ಅವುಗಳಿಗೆ ಕರೆಂಟು ಬೇಕು, ಬಿಸಿ ಆಗದಂತೆ ತಂಪು ಮಾಡಬೇಕು, ಕೆಟ್ಟ ಡಿಸ್ಕನ್ನು ಬದಲಿಸಬೇಕು, ಕಾವಲು ಕಾಯಬೇಕು. ಹಾಗಾಗಿ ಇಟ್ಟ ಪ್ರತಿ ಫೈಲಿಗೂ ತಿಂಗಳ ಬಾಡಿಗೆ ಇದ್ದೇ ಇದೆ. ಕೊಡುವವರು ನೀವೋ, ಕಂಪನಿಯೋ, ಸರ್ಕಾರವೋ ಎಂಬುದಷ್ಟೇ ಬೇರೆ.

ಇದಕ್ಕೆ ನಮ್ಮೆಲ್ಲರ ಕಣ್ಣ ಮುಂದೆಯೇ ಸಾಕ್ಷಿ ಇದೆ. ಗೂಗಲ್ ಫೋಟೋಸ್ ಹಿಂದೆ ಮಿತಿಯಿಲ್ಲದೆ ಪುಕ್ಕಟೆಯಾಗಿ ಚಿತ್ರಗಳನ್ನು ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಅಲ್ಲಿಂದೀಚೆಗೆ ಏರಿಸಿದ ಫೋಟೋಗಳೆಲ್ಲ ಜಿಮೇಲ್, ಡ್ರೈವ್ ಜೊತೆಗೆ ಒಟ್ಟು 15 ಜಿಬಿ ಲೆಕ್ಕದೊಳಗೇ ಬರಬೇಕು. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಈ ಲೆಕ್ಕದಿಂದ ಹೊರಗಿತ್ತು, 2024ರಲ್ಲಿ ಅದೂ ಒಳಗೆ ಬಂತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವೂ ಗೂಗಲ್‌ನಲ್ಲಿ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಕ್ಕೇ ಎಲ್ಲವನ್ನೂ ಶಾಶ್ವತವಾಗಿ ಬಿಟ್ಟಿ ಇಡಲು ಕಟ್ಟುವುದಿಲ್ಲ ಎಂದಾದರೆ ಉಳಿದವರ ಪಾಡು ಊಹಿಸಬಹುದು.

ಎಲ್ಲ ಡೇಟಾ ಒಂದೇ ತೂಕದ್ದಲ್ಲ

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ 250 ಸದಸ್ಯರಿದ್ದಾರೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಎಲ್ಲರೂ ಹಾಲು ಹಾಕುತ್ತಾರೆ. ಪ್ರತಿ ಸಲ ಒಂದು ಸಾಲು ದಾಖಲಾಗುತ್ತದೆ: ಸದಸ್ಯರ ಸಂಖ್ಯೆ, ದಿನಾಂಕ, ಎಷ್ಟು ಲೀಟರು, ಎಷ್ಟು ಫ್ಯಾಟು, ಎಷ್ಟು ಎಸ್‌ಎನ್‌ಎಫ್, ಎಷ್ಟು ಹಣ. ವರ್ಷಕ್ಕೆ ಒಟ್ಟು 1,82,500 ಸಾಲು. ಒಂದು ಸಾಲಿಗೆ 200 ಬೈಟ್ ಎಂದರೂ ಇಡೀ ವರ್ಷದ ಲೆಕ್ಕ ಸುಮಾರು 36 ಎಂಬಿ.

ಅದೇ ಸಂಘದ ಗೋಡೆಗೆ ಒಂದು ಸಿಸಿ ಕ್ಯಾಮೆರಾ ಇದೆ, ಅದು ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದೃಶ್ಯ ದಾಖಲಿಸುತ್ತದೆ ಎಂದುಕೊಳ್ಳಿ. ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ. ಅಂದರೆ 250 ಮನೆಗಳ ಒಂದು ವರ್ಷದ ಹಾಲಿನ ಲೆಕ್ಕ ಹಿಡಿಸುವ ಜಾಗವನ್ನು ಆ ಕ್ಯಾಮೆರಾ ಎರಡೂವರೆ ನಿಮಿಷದೊಳಗೆ ತುಂಬಿಬಿಡುತ್ತದೆ!

ಈಗ ಯೋಚಿಸಿ. ಯಾವುದು ಮುಖ್ಯ? ಹಾಲಿನ ಲೆಕ್ಕದಲ್ಲಿ ತಪ್ಪಾದರೆ ಬಟವಾಡೆ ನಿಲ್ಲುತ್ತದೆ, ವರ್ಷದ ಕೊನೆಯ ಬೋನಸ್ ಲೆಕ್ಕ ತಪ್ಪುತ್ತದೆ, ಆಡಿಟ್‌ನಲ್ಲಿ ಪ್ರಶ್ನೆ ಏಳುತ್ತದೆ. ಕ್ಯಾಮೆರಾದ ದೃಶ್ಯದಲ್ಲಿ ಬಹುಪಾಲು ಖಾಲಿ ಬಾಗಿಲು. ಆದರೆ ಜಾಗ ತಿನ್ನುವುದು ಬಾಗಿಲೇ. ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಸಂಘಗಳನ್ನು ಒಳಗೊಂಡ ಹಾಸನ ಹಾಲು ಒಕ್ಕೂಟದಂಥ ದೊಡ್ಡ ಸಂಸ್ಥೆ ಇರಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಇರಲಿ, ಸ್ಟೋರೇಜ್ ಖರ್ಚು ಹಿಡಿತದಲ್ಲಿಡುವ ಕೆಲಸ ಶುರುವಾಗುವುದು ಇಲ್ಲಿಂದಲೇ: ಯಾವ ಡೇಟಾ ಎಷ್ಟು ದೊಡ್ಡದು, ಅದರ ಬೆಲೆ ಎಷ್ಟು ದಿನ ಉಳಿಯುತ್ತದೆ?

ಡೇಟಾಕ್ಕೂ ಆಯಸ್ಸಿದೆ

ಪ್ರತಿ ದಾಖಲೆಯೂ ಹುಟ್ಟುತ್ತದೆ, ಕೆಲವು ದಿನ ಬಿರುಸಾಗಿ ಕೆಲಸ ಮಾಡುತ್ತದೆ, ಆಮೇಲೆ ಅಪರೂಪಕ್ಕೆ ನೋಡುವಂತಾಗುತ್ತದೆ, ಕೊನೆಗೆ ಒಂದೋ ಶಾಶ್ವತವಾಗಿ ಉಳಿಯಬೇಕು, ಇಲ್ಲವೇ ಅಳಿಯಬೇಕು. ಇದಕ್ಕೆ ತಕ್ಕಂತೆ ಇಡುವ ಜಾಗ ಬದಲಿಸುವುದೇ ಇಡೀ ವಿದ್ಯೆಯ ಸಾರ. ಮನೆಯಲ್ಲಿ ನಾವು ಮಾಡುವುದೂ ಇದನ್ನೇ. ದಿನಾ ಬೇಕಾದ ಅಕ್ಕಿ ಅಡುಗೆಮನೆ ಡಬ್ಬದಲ್ಲಿ, ತಿಂಗಳಿಗಾಗುವಷ್ಟು ಮೂಟೆಯಲ್ಲಿ, ಹಬ್ಬಕ್ಕೆ ಮಾತ್ರ ಬೇಕಾದ ದೊಡ್ಡ ಪಾತ್ರೆ ಅಟ್ಟದ ಮೇಲೆ. ಕಂಪ್ಯೂಟರ್ ಲೋಕದಲ್ಲಿ ಸ್ಥೂಲವಾಗಿ ಮೂರು ಹಂತಗಳಿವೆ.

1. ಬಿಸಿ ಡೇಟಾ: ಈಗಲೇ, ಕ್ಷಣದಲ್ಲಿ ಬೇಕಾದದ್ದು. ಇವತ್ತಿನ ಬ್ಯಾಂಕ್ ಬ್ಯಾಲೆನ್ಸ್ ಇದಕ್ಕೆ ಉದಾಹರಣೆ. ಇದು ವೇಗದ ಎಸ್‌ಎಸ್‌ಡಿಗಳಲ್ಲಿರುತ್ತದೆ. ಬೆಲೆ ಹೆಚ್ಚು.
2. ಬೆಚ್ಚನೆಯ ಡೇಟಾ: ಆಗಾಗ ಬೇಕಾದದ್ದು. ಕಳೆದ ವರ್ಷದ ಲೆಕ್ಕ, ಆರು ತಿಂಗಳ ಹಿಂದಿನ ಬಿಲ್ಲು. ಇದು ಸಾಮಾನ್ಯ ಹಾರ್ಡ್ ಡಿಸ್ಕುಗಳಲ್ಲಿರುತ್ತದೆ.
3. ತಣ್ಣನೆಯ ಡೇಟಾ: ವರ್ಷಕ್ಕೊಮ್ಮೆಯೂ ಬೇಡದಿರಬಹುದು, ಆದರೆ ಕಾನೂನಿಗಾಗಿ ಇರಲೇಬೇಕು. ಇದು ಹೆಚ್ಚಾಗಿ ಅಗ್ಗದ ಆರ್ಕೈವ್‌ನಲ್ಲಿ ಅಥವಾ ಟೇಪ್‌ನಲ್ಲಿರುತ್ತದೆ.

ಹೌದು, ಟೇಪ್! ಕ್ಯಾಸೆಟ್ ಕಾಲ ಮುಗಿಯಿತು ಎಂದುಕೊಂಡಿದ್ದರೆ ಅದು ಸರಿಯಲ್ಲ. 2021ರಲ್ಲಿ ಬಂದ ಎಲ್‌ಟಿಒ-9 ಎಂಬ ಟೇಪ್ ಕಾರ್ಟ್ರಿಜ್ ಒಂದರಲ್ಲೇ 18 ಟಿಬಿ ಹಿಡಿಸುತ್ತದೆ. ಕಪಾಟಿನಲ್ಲಿಟ್ಟರೆ ಅದಕ್ಕೆ ಕರೆಂಟು ಬೇಡ. ನೆಟ್‌ವರ್ಕಿನಿಂದ ಬೇರ್ಪಟ್ಟಿರುವುದರಿಂದ ವೈರಸ್ಸೂ ಮುಟ್ಟದು. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಶೇ. 0.02ರಷ್ಟು ಜಿಮೇಲ್ ಬಳಕೆದಾರರ ಇಮೇಲ್‌ಗಳು ಮಾಯವಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪ್‌ನಿಂದಲೇ.

ಬೆಲೆಯ ವ್ಯತ್ಯಾಸ ಎಷ್ಟು?

ಅಮೆಜಾನ್‌ನ ಕ್ಲೌಡ್ ಸೇವೆಯ ಅಮೆರಿಕ ಕೇಂದ್ರದ ಪ್ರಕಟಿತ ದರ ತೆಗೆದುಕೊಳ್ಳೋಣ. ಸಾಮಾನ್ಯ ಹಂತದಲ್ಲಿ 1 ಜಿಬಿಗೆ ತಿಂಗಳಿಗೆ ಸುಮಾರು 2.3 ಸೆಂಟ್. ಅತಿ ತಣ್ಣನೆಯ ಹಂತದಲ್ಲಿ ಸುಮಾರು 0.1 ಸೆಂಟ್. 10 ಟಿಬಿ ಡೇಟಾವನ್ನು ಒಂದು ವರ್ಷ ಇಡಲು ಮೊದಲನೆಯದರಲ್ಲಿ ಸುಮಾರು 2,760 ಡಾಲರ್, ಎರಡನೆಯದರಲ್ಲಿ 120 ಡಾಲರ್‌ನ ಆಸುಪಾಸು. ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅಂತರ!

ಹಾಗಾದರೆ ಎಲ್ಲವನ್ನೂ ಅಗ್ಗದ ಹಂತಕ್ಕೆ ತಳ್ಳಿಬಿಟ್ಟರಾಯಿತಲ್ಲ? ಇಲ್ಲೇ ಹಲವರು ಎಡವುವುದು. ಅತಿ ತಣ್ಣನೆಯ ಹಂತದಿಂದ ಫೈಲ್ ಹೊರತೆಗೆಯಲು ಹನ್ನೆರಡು ಗಂಟೆಯವರೆಗೆ ಕಾಯಬೇಕಾಗಬಹುದು, ದೊಡ್ಡ ಪ್ರಮಾಣದಲ್ಲಿ ಅಗ್ಗವಾಗಿ ತೆಗೆಯುವುದಾದರೆ ಎರಡು ದಿನ. ತೆಗೆಯಲು ಬೇರೆ ಶುಲ್ಕ. 180 ದಿನಕ್ಕೆ ಮೊದಲೇ ಅಳಿಸಿದರೂ ಅಷ್ಟು ದಿನದ ಬಾಡಿಗೆ ಕಟ್ಟಬೇಕು. ದಿನಾ ಬೇಕಾದ ಸಾರಿನ ಪುಡಿಯನ್ನು ಅಟ್ಟದ ಮೇಲಿಟ್ಟು ಪ್ರತಿ ಸಲವೂ ಏಣಿ ಹತ್ತಿದಂತೆ ಆಗುತ್ತದೆ. ಆದ್ದರಿಂದ “ಯಾವುದು ಅಗ್ಗ” ಎಂದು ಕೇಳುವ ಮೊದಲು “ಇದನ್ನು ಎಷ್ಟು ಸಲ ಮುಟ್ಟುತ್ತೇವೆ” ಎಂದು ಕೇಳಬೇಕು.

ಖರ್ಚು ಏರಿಸುವ ಇನ್ನೊಂದು ಕಳ್ಳ ಇದ್ದಾನೆ, ಅವನ ಹೆಸರು ನಕಲು. ಒಂದೇ ಫೈಲಿನ ಅಸಲು, ಅದರ ಬ್ಯಾಕಪ್, ಪರೀಕ್ಷೆಗೆಂದು ತೆಗೆದ ಪ್ರತಿ, ಮೂರು ಜನ ಇಮೇಲ್‌ನಲ್ಲಿ ಕಳಿಸಿಕೊಂಡ ಪ್ರತಿಗಳು. 10 ಟಿಬಿ ನೋಡನೋಡುತ್ತಲೇ 40 ಟಿಬಿ ಆಗುತ್ತದೆ. ನಮ್ಮ ಫೋನಿನ ಕಥೆಯೂ ಇದೇ. 10 ಎಂಬಿಯ ಒಂದು ವಿಡಿಯೊವನ್ನು 250 ಜನರ ಗ್ರೂಪಿಗೆ ಹಾಕಿ, ಎಲ್ಲರ ಫೋನಿನಲ್ಲೂ ಅದು ಡೌನ್‌ಲೋಡ್ ಆದರೆ ಒಟ್ಟು 2.5 ಜಿಬಿ ಜಾಗ ಹೋಯಿತು. ಅದು ಸುಳ್ಳು ಸುದ್ದಿಯಾಗಿದ್ದರೂ ಜಾಗ ಮಾತ್ರ ನಿಜವಾಗಿಯೇ ಹೋಗುತ್ತದೆ.

ಎಷ್ಟು ದಿನ ಇಡಬೇಕು? ಕಾನೂನು ಏನು ಹೇಳುತ್ತದೆ

“ಎಲ್ಲವನ್ನೂ ಇಡಿ” ಎಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಒಂದೊಂದಕ್ಕೆ ಒಂದೊಂದು ಗಡುವಿದೆ.

- ಕಂಪನಿಗಳ ಲೆಕ್ಕಪುಸ್ತಕ: 2013ರ ಕಂಪನಿ ಕಾಯ್ದೆಯ ಪ್ರಕಾರ 8 ಹಣಕಾಸು ವರ್ಷ.
- ಬ್ಯಾಂಕ್ ವಹಿವಾಟಿನ ದಾಖಲೆ: ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಕನಿಷ್ಠ 5 ವರ್ಷ.
- ಜಿಎಸ್‌ಟಿ ಲೆಕ್ಕ: ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು.
- ಸರ್ವರ್‌ಗಳ ಲಾಗ್: ಕೇಂದ್ರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ಆದೇಶದಂತೆ 180 ದಿನ.

ಇನ್ನೊಂದು ದಿಕ್ಕಿನಿಂದಲೂ ಒತ್ತಡವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಮಾಹಿತಿಯನ್ನು ಯಾವ ಉದ್ದೇಶಕ್ಕೆ ತೆಗೆದುಕೊಂಡರೋ ಅದು ಮುಗಿದ ಮೇಲೆ, ಬೇರೆ ಕಾನೂನು ಇಡಿ ಎನ್ನದಿದ್ದರೆ, ಅದನ್ನು ಅಳಿಸಬೇಕು. ಬೇಡದ ಡೇಟಾ ಇಟ್ಟುಕೊಂಡರೆ ಬಾಡಿಗೆ ಒಂದೇ ಅಲ್ಲ, ಸೋರಿಕೆಯಾದಾಗ ಹೊಣೆಯೂ ಹೆಗಲಿಗೇರುತ್ತದೆ. ಇಲ್ಲದ ಡೇಟಾ ಕದಿಯಲು ಯಾರಿಂದಲೂ ಆಗದು.

ಇದೆಲ್ಲ ಹೊಸ ವಿದ್ಯೆ ಎಂದುಕೊಳ್ಳಬೇಡಿ. ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ಮುಗಿದ ಮೇಲೆ ಎ, ಬಿ, ಸಿ, ಡಿ, ಇ ಎಂದು ವರ್ಗ ಮಾಡುವ ಪದ್ಧತಿ ಇತ್ತು, ಈಗಲೂ ಇದೆ. ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10 ವರ್ಷ, ‘ಡಿ’ 5 ವರ್ಷ, ‘ಇ’ ಒಂದು ವರ್ಷ. ರೆಕಾರ್ಡ್ ರೂಮಿನ ಗುಮಾಸ್ತರು ಕೆಂಪು ದಾರ ಕಟ್ಟಿ ಮಾಡುತ್ತಿದ್ದ ಈ ಕೆಲಸವನ್ನೇ ಇಂದು ಕ್ಲೌಡ್ ಕಂಪನಿಗಳು ಸಾಫ್ಟ್‌ವೇರ್ ನಿಯಮವಾಗಿ ಮಾರುತ್ತಿವೆ.

ಪಹಣಿಯ ಪಾಠ

‘ಎ’ ವರ್ಗದ ಮಹತ್ವ ತಿಳಿಯಲು ಭೂಮಿ ಯೋಜನೆಯನ್ನು ನೋಡಬೇಕು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಯೋಜನೆ ಅದು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು 2000ದ ಆಸುಪಾಸಿನ ವರ್ಷಗಳಲ್ಲಿ ಗಣಕೀಕೃತವಾದವು. ತಾಲ್ಲೂಕು ಕೇಂದ್ರದ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಕೊಣನೂರಿನ ರೈತರಿಗೆ ಅದು ಅರಕಲಗೂಡಿಗೆ ಹೋಗಿ ಬರುವ ಕೆಲಸವಾಗಿತ್ತು, ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು.

ಇಲ್ಲಿ ಗಮನಿಸಬೇಕಾದ ವಿಷಯವಿದೆ. ಟೈಪ್ ಮಾಡಿದ ಒಂದು ಪಹಣಿಗೆ 5 ಕೆಬಿ ಎಂದು ಅಂದಾಜಿಸಿದರೆ 2 ಕೋಟಿ ಪಹಣಿಗಳಿಗೆ 100 ಜಿಬಿ. ಇಡೀ ರಾಜ್ಯದ ಪಹಣಿಯ ಅಕ್ಷರಗಳು ನಿಮ್ಮ ಜೇಬಿನ ಫೋನಿನೊಳಗೇ ಹಿಡಿಸಬಹುದು! ಆದರೆ ಪಹಣಿಯ ಹಿಂದೆ ದೊಡ್ಡ ರಾಶಿಯೇ ಇದೆ. ಹಳೆಯ ಮ್ಯುಟೇಶನ್ ವಹಿ, ಸಾಗುವಳಿ ಚೀಟಿ ಕೊಟ್ಟ ಮಂಜೂರಾತಿ ಕಡತ, ಸರ್ವೆ ಟಿಪ್ಪಣಿ, ಆಕಾರಬಂದ್. ಹಕ್ಕು ಎಲ್ಲಿಂದ ಬಂತು ಎಂದು ಹೇಳುವುದು ಇವೇ. ಇವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಬೇಕು. ಪುಟಕ್ಕೆ 500 ಕೆಬಿ ಎಂದರೆ ಒಂದು ಕೋಟಿ ಪುಟಕ್ಕೆ 5 ಟಿಬಿ. ಇದಕ್ಕೆಂದೇ ರಾಜ್ಯದ ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಯೋಜನೆ ಆರಂಭಿಸಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ.

ಇಲ್ಲಿ ನಿಜವಾಗಿ ಪಣಕ್ಕಿರುವುದು ಜಮೀನು. ಮಂಜೂರಾತಿ ಕಡತ ಕಾಣೆಯಾದರೆ ಅಪ್ಪನೋ ಅಜ್ಜನೋ ಉತ್ತ ಭೂಮಿಗೆ ಮಗ ವರ್ಷಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ. ಈ ಡೇಟಾ ‘ತಣ್ಣನೆಯದು’ ನಿಜ, ಹತ್ತು ವರ್ಷಕ್ಕೊಮ್ಮೆ ಯಾರಾದರೂ ಕೇಳಬಹುದು. ಆದರೆ ಬೆಲೆ ಕಡಿಮೆಯಾದದ್ದಲ್ಲ. ಅಗ್ಗದ ಜಾಗದಲ್ಲಿಡಬಹುದು, ಒಂದೇ ಪ್ರತಿಯಲ್ಲಿ ಇಡುವಂತಿಲ್ಲ. ತಣ್ಣನೆಯದನ್ನೆಲ್ಲ ಬೇಡದ್ದು ಎಂದು ತಿಳಿಯುವುದೇ ಖರ್ಚು ಉಳಿಸಲು ಹೊರಟವರು ಮಾಡುವ ದೊಡ್ಡ ತಪ್ಪು.

ಹಾಗೆಯೇ ಸ್ಕ್ಯಾನ್ ಆಯಿತೆಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಮೂಲ ಕಾಗದವನ್ನು ಎಸೆಯಬೇಡಿ. ಸ್ಕ್ಯಾನ್ ಮಸುಕಾಗಿರಬಹುದು, ಒಂದು ಪುಟ ಬಿಟ್ಟುಹೋಗಿರಬಹುದು. ಕ್ರಯಪತ್ರ, ವಿಭಾಗಪತ್ರ, ಸಾಗುವಳಿ ಚೀಟಿಯ ಮೂಲ ಪ್ರತಿ ನಿಮ್ಮ ಬಳಿ ಇರಲೇಬೇಕು.

ಕ್ಲೌಡ್ ಸುಟ್ಟುಹೋಗುತ್ತದೆಯೇ?

ಹೋಗುತ್ತದೆ, ಹೋಗಿದೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಬ್ಯಾಕಪ್ ಇಡದ ಎಷ್ಟೋ ಗ್ರಾಹಕರ ಡೇಟಾ ಮರಳಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬೆಂಕಿ ಬಿತ್ತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತ ಇಡುತ್ತಿದ್ದ ‘ಜಿ-ಡ್ರೈವ್’ನ 858 ಟಿಬಿ ಡೇಟಾ ನಾಶವಾಯಿತು. ಪ್ರಮಾಣ ತುಂಬಾ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶದಲ್ಲೇ ಹೀಗಾಯಿತು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಒಂದು, ಬ್ಯಾಕಪ್ ಖರ್ಚು ಉಳಿಸುವುದು ಉಳಿತಾಯವಲ್ಲ. ಎರಡು, ಮುಖ್ಯವಾದದ್ದು ಮುಖ್ಯವಲ್ಲದ್ದು ಎಲ್ಲ ಒಂದೇ ರಾಶಿಯಲ್ಲಿ ಬಿದ್ದಿದ್ದರೆ ಆ ರಾಶಿಯನ್ನು ಕಾಪಾಡುವುದೇ ದುಬಾರಿಯಾಗುತ್ತದೆ. ಕಾಳು ಜೊಳ್ಳು ಬೇರೆ ಮಾಡಿದ್ದರೆ ಕಾಳಿಗಷ್ಟೇ ಎರಡನೇ ಕಣಜ ಸಾಕು. ಪರಿಣತರು ಹೇಳುವ 3-2-1 ಸೂತ್ರ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ.

ಸಿಸಿಟಿವಿ ದೃಶ್ಯ ಏಕೆ ಸಿಗುವುದಿಲ್ಲ?

ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಅಂಗಡಿಯೊಂದರಲ್ಲಿ ಅಂಥ ನಾಲ್ಕು ಕ್ಯಾಮೆರಾ ಇದ್ದರೆ ದಿನಕ್ಕೆ 86.4 ಜಿಬಿ. 1 ಟಿಬಿ ಡಿಸ್ಕ್ 12 ದಿನದೊಳಗೆ ತುಂಬುತ್ತದೆ, 2 ಟಿಬಿ ಡಿಸ್ಕ್ ಸುಮಾರು 23 ದಿನಕ್ಕೆ. ತುಂಬಿದ ಕೂಡಲೇ ಯಂತ್ರ ಹಳೆಯ ದೃಶ್ಯದ ಮೇಲೆ ಹೊಸದನ್ನು ತಾನಾಗಿಯೇ ಬರೆಯುತ್ತದೆ. ಒಂದು ವರ್ಷ ಇಡಬೇಕೆಂದರೆ 31 ಟಿಬಿಗಿಂತ ಹೆಚ್ಚು ಬೇಕು. ಆದ್ದರಿಂದ “ದೃಶ್ಯ ಇಲ್ಲ” ಎಂದಾಕ್ಷಣ ಮೋಸ ಎನ್ನಲಾಗದು. ಹಾಗೆಂದು ಎಲ್ಲ ಕಡೆಯೂ ಈ ನೆಪ ನಡೆಯುವುದಿಲ್ಲ. ಪೊಲೀಸ್ ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಅಂಥ ಸಾಧನ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗದಂತೆ ಇಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದೆ.

ನಿಮಗೆ ಉಪಯೋಗಕ್ಕೆ ಬರುವ ಮಾತು: ಕಳ್ಳತನವೋ ಅಪಘಾತವೋ ಆದರೆ ದೃಶ್ಯ ಬೇಕೆಂದು ಆ ದಿನವೇ ಕೇಳಿ. ದೂರಿನಲ್ಲಿ ಜಾಗ, ದಿನಾಂಕ, ಗಂಟೆ ಬರೆದು “ಈ ಅವಧಿಯ ದೃಶ್ಯವನ್ನು ಅಳಿಸದೆ ತೆಗೆದಿಡಿ” ಎಂದು ಲಿಖಿತವಾಗಿ ಕೋರಿ. ತಿಂಗಳ ನಂತರ ಕೇಳಿದರೆ ಅಲ್ಲಿ ಖಾಲಿ ಬಾಗಿಲಿನ ಹೊಸ ದೃಶ್ಯ ಮಾತ್ರ ಇರುತ್ತದೆ.

ನಿಮ್ಮ ಫೋನಿಗೂ ಇದೇ ನಿಯಮ

- ಫೋನನ್ನು ಎ, ಬಿ, ಸಿ ಮಾಡಿ. ಮನೆಯವರ ಫೋಟೋ, ಜಮೀನು ಪತ್ರ, ಮಾರ್ಕ್ಸ್ ಕಾರ್ಡ್ ‘ಎ’. ಗುಡ್ ಮಾರ್ನಿಂಗ್ ಚಿತ್ರ ‘ಇ’ ಅಲ್ಲ, ಅದಕ್ಕೂ ಕೆಳಗೆ!
- ವಾಟ್ಸಾಪ್‌ನಲ್ಲಿ ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಹಲವು ಬಾರಿ ಫಾರ್ವರ್ಡ್ ಆದ ಫೈಲುಗಳು, ದೊಡ್ಡ ಫೈಲುಗಳು ಪ್ರತ್ಯೇಕವಾಗಿ ಕಾಣುತ್ತವೆ. ಅಲ್ಲಿಂದ ಅಳಿಸಲು ಶುರುಮಾಡಿ.
- ವಾಟ್ಸಾಪ್ ಸರ್ವರ್ ನಿಮ್ಮ ಹಳೆಯ ಸಂದೇಶಗಳ ಗೋದಾಮಲ್ಲ. ತಲುಪಿದ ಸಂದೇಶ ಅಲ್ಲಿ ಉಳಿಯುವುದಿಲ್ಲ, ತಲುಪದ್ದು 30 ದಿನದವರೆಗೆ ಮಾತ್ರ ಇರುತ್ತದೆ. ಬ್ಯಾಕಪ್ ನಿಮ್ಮದೇ ಹೊಣೆ.
- ‘ಎ’ ವರ್ಗದ್ದು ಫೋನಿನಲ್ಲೊಂದು, ಕ್ಲೌಡ್‌ನಲ್ಲೊಂದು, ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲೊಂದು ಇರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.
- ವರ್ಷಕ್ಕೆ ಒಂದೆರಡು ಸಲವಾದರೂ ಹಳೆಯ ಗೂಗಲ್ ಖಾತೆಗೆ ಲಾಗಿನ್ ಆಗಿ.

ಹಾಗಾದರೆ ನಾಲ್ಕು ಮಾತುಗಳ ತೀರ್ಪು?

- ಕ್ಲೌಡ್‌ನಲ್ಲಿದ್ದದ್ದು ಕಳೆಯುವುದಿಲ್ಲ: ತಪ್ಪು. ಒಂದೇ ಪ್ರತಿ ಇದ್ದರೆ ಎಲ್ಲಿದ್ದರೂ ಕಳೆಯಬಹುದು.
- ಸ್ಟೋರೇಜ್ ಅಗ್ಗ, ಅಳಿಸಬೇಕಿಲ್ಲ: ಅರ್ಧ ಸತ್ಯ. ಒಂದು ಜಿಬಿ ಅಗ್ಗ, ಲಕ್ಷ ಜಿಬಿ ಪ್ರತಿ ತಿಂಗಳೂ ಬಿಲ್ಲು ಕಳಿಸುತ್ತದೆ.
- ಕಂಪ್ಯೂಟರಿಗೆ ಏರಿದ ಮೇಲೆ ಕಾಗದ ಬೇಡ: ತಪ್ಪು. ಹಕ್ಕಿನ ಮೂಲ ಕಾಗದವನ್ನು ಜೋಪಾನವಾಗಿಡಿ.
- ಸಿಸಿಟಿವಿ ದೃಶ್ಯ ಇಲ್ಲವೆಂದರೆ ಮೋಸ: ಹಾಗೆನ್ನಲಾಗದು. ಮೊದಲು ದಿನ ಎಣಿಸಿ, ಡಿಸ್ಕಿನ ಗಾತ್ರ ಕೇಳಿ.

ಇಡಬೇಕಾದದ್ದನ್ನು ಸರಿಯಾಗಿ ಇಡಲು ಹಣ ಉಳಿಯಬೇಕಾದರೆ ಬೇಡದ್ದನ್ನು ಧೈರ್ಯವಾಗಿ ಅಳಿಸಬೇಕು. ತಾಲ್ಲೂಕು ಕಚೇರಿಗೂ, ಹಾಲಿನ ಸಂಘಕ್ಕೂ, ನಿಮ್ಮ ಫೋನಿಗೂ ಸೂತ್ರ ಒಂದೇ. ಈ ಲೇಖನವನ್ನು ಹಂಚುವುದಾದರೆ ಲಿಂಕ್ ಮಾತ್ರ ಕಳಿಸಿ, ಸ್ಕ್ರೀನ್‌ಶಾಟ್ ಬೇಡ. ನಿಮ್ಮ ಗ್ರೂಪಿನವರ ಫೋನಿನಲ್ಲಿ ಅಷ್ಟಾದರೂ ಜಾಗ ಉಳಿಯಲಿ.